ಕಿರ್ದಿ ತುಂಬಿದೆ, ಖತಾವಣಿ ತೆರೆದಿಲ್ಲ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಒಂಬತ್ತು ವರ್ಷಗಳಿಂದ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ, ಈಗ ಹದಿನಾಲ್ಕನೆಯದು ನಡೆಯುತ್ತಿದೆ. ಕಂಡದ್ದು, ಕೇಳಿದ್ದು, ಅನಿಸಿದ್ದು ಎಲ್ಲವನ್ನೂ ಬರೆಯುತ್ತೇನೆ. ಆದರೆ ಇಷ್ಟು ವರ್ಷಗಳಲ್ಲಿ ಮುಗಿಸಿದ ಕತೆಗಳು ಎರಡೇ. ಕತೆ ಬರೆಯಲು ಕುಳಿತಾಗ ಆ ಪುಸ್ತಕಗಳಲ್ಲಿ ಒಂದೂ ನೆರವಿಗೆ ಬರುವುದಿಲ್ಲ. ನೋಟ್‌ಬುಕ್ ಬರೆಯುವುದೇ ಕತೆ ಬರೆಯದಿರಲು ನಾನು ಕಂಡುಕೊಂಡ ನೆಪವೇ? ನಿಲ್ಲಿಸಿಬಿಡಲೇ? ಮಾದರಿಗೆಂದು ಮೂರು ನಮೂದುಗಳನ್ನು ಕಳುಹಿಸಿದ್ದೇನೆ.

12-1-2021: ಸಾಲ ತೀರಿಸಿದ ಅಜ್ಜ ರಸೀದಿ ಬೇಡ, ಹಳೆಯ ಪತ್ರವೇ ಬೇಕು ಎಂದ. ಕೊಟ್ಟಾಗ ಹರಿದು ಹಾಕಲಿಲ್ಲ. ನಾಲ್ಕು ಮಡಿಕೆ ಮಾಡಿ ರುಮಾಲಿನೊಳಗೆ ಸಿಕ್ಕಿಸಿಕೊಂಡ.

3-8-2022: ಅತ್ತೆ ದಿನವೂ ಸಂಜೆ ಎಣ್ಣೆಯ ಡಬ್ಬಿಯನ್ನು ಅಲುಗಾಡಿಸಿ ನೋಡುತ್ತಾರೆ. ತುಂಬಿದ್ದರೂ ನೋಡುತ್ತಾರೆ.

31-3-2023: ಇಂದು ಮನಸ್ಸು ಭಾರ. ಬದುಕು ಎಂದರೆ ಇಷ್ಟೇ ಏನೋ.

ಉತ್ತರ: ನಿಲ್ಲಿಸಬೇಡಿ. ಹದಿನೈದನೆಯ ಪುಸ್ತಕವನ್ನು ಮಾತ್ರ ಸದ್ಯಕ್ಕೆ ಕೊಳ್ಳಬೇಡಿ.

ನಿಮ್ಮ ಪತ್ರದ ಮೊದಲ ಸಾಲಿಗೇ ನನಗೆ ಸಮಾಧಾನವಾಯಿತು. ಕಥಾ ಕಮ್ಮಟಗಳಲ್ಲಿ ನಾನು ಅರ್ಧ ದಿನ ತೆಗೆದುಕೊಂಡು ವಿವರಿಸುವ ಸಂಗತಿ ನಿಮಗೆ ದಿನನಿತ್ಯದ ಕೆಲಸ. ಸಂಘದಲ್ಲಿ ನೀವು ರೋಜು ಕಿರ್ದಿ ಬರೆಯುತ್ತೀರಿ. ಆ ದಿನ ನಡೆದದ್ದೆಲ್ಲ ನಡೆದ ಕ್ರಮದಲ್ಲೇ ಒಂದರ ಕೆಳಗೊಂದು ಬರುತ್ತದೆ: ಗೊಬ್ಬರದ ಮಾರಾಟ, ಷೇರು ಹಣ, ಸಾಲದ ಕಂತು, ಬೀಗದ ರಿಪೇರಿಗೆ ಕೊಟ್ಟ ಮೂವತ್ತು ರೂಪಾಯಿ. ಆದರೆ ಅದನ್ನು ಅಲ್ಲಿಗೇ ಬಿಡುವುದಿಲ್ಲ. ಒಂದೊಂದನ್ನೂ ಆಯಾ ಖಾತೆಯ ಪುಟಕ್ಕೆ, ಅಂದರೆ ಖತಾವಣಿಗೆ, ಎತ್ತಿ ಬರೆಯುತ್ತೀರಿ. ಹಾಗೆ ಎತ್ತಿ ಬರೆದ ಮೇಲೆಯೇ ಯಾರು ಎಷ್ಟು ಬಾಕಿ, ಸಂಘದ ಸ್ಥಿತಿ ಏನು ಎಂಬುದು ತಿಳಿಯುತ್ತದೆ. ನಿಮ್ಮ ಹದಿನಾಲ್ಕು ನೋಟ್‌ಬುಕ್‌ಗಳೂ ಕಿರ್ದಿ ಪುಸ್ತಕಗಳು. ಖತಾವಣಿಯನ್ನು ನೀವು ತೆರೆದೇ ಇಲ್ಲ. ನೋಟ್‌ಬುಕ್‌ಗಳು ನೆರವಿಗೆ ಬರದಿರಲು ಕಾರಣ ಇದೇ ಎಂದು ನಾನು ನಂಬಿದ್ದೇನೆ. ನಿಮ್ಮ ಬರವಣಿಗೆಯಲ್ಲಿ ಕೊರತೆ ಇದೆ ಎಂದು ನನಗೆ ಅನಿಸುವುದಿಲ್ಲ. ಅಜ್ಜನ ರುಮಾಲು ಕಣ್ಣಿಗೆ ಬಿದ್ದವರ ಕಣ್ಣು ಚೆನ್ನಾಗಿಯೇ ಇದೆ.

ಈ ಹೋಲಿಕೆ ನನ್ನದಲ್ಲ. ಜರ್ಮನಿಯ ಗಟಿಂಗನ್‌ನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಗೇಯಾರ್ಗ್ ಕ್ರಿಸ್ಟೋಫ್ ಲಿಖ್ಟನ್‌ಬರ್ಗ್ 1765ರ ಸುಮಾರಿನಿಂದ 1799ರಲ್ಲಿ ತೀರಿಕೊಳ್ಳುವವರೆಗೆ ನೋಟ್‌ಬುಕ್‌ಗಳನ್ನು ಬರೆದ. ಅವುಗಳಲ್ಲೊಂದರಲ್ಲಿ, 1770ರ ದಶಕದಲ್ಲಿ, ವರ್ತಕರ ಪದ್ಧತಿಯನ್ನು ಆತ ವಿವರಿಸುತ್ತಾನೆ. ವರ್ತಕರು ಮೊದಲು ಒಂದು ಕಚ್ಚಾ ಪುಸ್ತಕದಲ್ಲಿ ಕೊಂಡದ್ದು ಮಾರಿದ್ದು ಎಲ್ಲವನ್ನೂ ಕಲಸುಮೇಲೋಗರವಾಗಿ ಬರೆಯುತ್ತಾರೆ. ಅಲ್ಲಿಂದ ಅದು ಇನ್ನೊಂದು ಪುಸ್ತಕಕ್ಕೆ ಕ್ರಮವಾಗಿ ಹೋಗುತ್ತದೆ. ಕೊನೆಗೆ ಜೋಡಿ ನಮೂದಿನ ಖತಾವಣಿಗೆ ಬಂದು ಒಬ್ಬೊಬ್ಬರ ಲೆಕ್ಕವೂ ಬೇರೆಬೇರೆಯಾಗಿ ತೀರ್ಮಾನವಾಗುತ್ತದೆ. ಓದುಬರಹದವರು ಇದನ್ನು ಅನುಸರಿಸಬೇಕು ಎಂಬುದು ಆತನ ಸಲಹೆ. ಆದರೆ ಆತ ತಾನೇ ಯೋಜಿಸಿದ್ದ ಕಾದಂಬರಿಯನ್ನು ಮುಗಿಸಲಿಲ್ಲ. ಇಂದು ಸಾಹಿತ್ಯದಲ್ಲಿ ಆತನ ಹೆಸರು ನಿಂತಿರುವುದು ತೀರಿಕೊಂಡ ಮೇಲೆ ಅಚ್ಚಾದ ಆ ಕಚ್ಚಾ ಪುಸ್ತಕಗಳಿಂದಲೇ. ಕಿರ್ದಿಗೂ ತನ್ನದೇ ಬೆಲೆ ಇದೆ ಎಂದು ನಿಮಗೆ ಧೈರ್ಯ ಹೇಳಲು ಇದನ್ನು ಬರೆದೆ. ನೀವು ಕೇಳಿರುವುದು ಕತೆಯ ಬಗ್ಗೆ, ಹಾಗಾಗಿ ನಾವು ಖತಾವಣಿಯ ಕಡೆಗೇ ಹೋಗೋಣ.

ಅದಕ್ಕೂ ಮೊದಲು ಕಿರ್ದಿಯ ಬಗ್ಗೆ ಒಂದು ಮಾತು. ಅದನ್ನು ಅಂದಗೊಳಿಸಬೇಡಿ. ನಮ್ಮಲ್ಲಿ ಹಿಂದೆ ವರ್ತಕರೂ ಮಠ ದೇವಸ್ಥಾನಗಳವರೂ ಲೆಕ್ಕಪತ್ರಗಳಿಗೆ ಕಡತ ಇಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆಯುವುದು, ಬೇಕೆಂದಾಗ ಒರೆಸಿ ಮತ್ತೆ ಬರೆಯುವುದು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಗೊತ್ತು. ಕಚೇರಿಯ ಫೈಲಿಗೆ ನಾವು ಇಂದು ಹೇಳುವ ಕಡತ ಎಂಬ ಪದ ಅಲ್ಲಿಂದ ಬಂದದ್ದು. ಒರೆಸಬಹುದು ಎಂದು ಗೊತ್ತಿದ್ದಾಗ ಕೈಗೆ ಅಂಜಿಕೆ ಇರುವುದಿಲ್ಲ. ದಪ್ಪ ರಟ್ಟಿನ, ದುಬಾರಿ ಕಾಗದದ ಪುಸ್ತಕ ಕೊಂಡವರು ಮೊದಲ ಪುಟದಲ್ಲೇ ಸಾಹಿತ್ಯ ಬರೆಯಲು ಹೊರಡುತ್ತಾರೆ. ನಿಮ್ಮ ಮೂರನೆಯ ನಮೂದಿನಲ್ಲಿ ಆ ಅಂಜಿಕೆಯ ನೆರಳಿದೆ. ಅದರ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಮುಖ್ಯ ಕೆಲಸ. ಒಂದು ದಪ್ಪ ಪುಸ್ತಕವನ್ನು ಖತಾವಣಿ ಎಂದು ತೆರೆಯಿರಿ. ವಾರಕ್ಕೆ ಒಂದು ಗಂಟೆ ಸಾಕು. ಮೊದಲ ನೋಟ್‌ಬುಕ್‌ನಿಂದ ಶುರುಮಾಡಿ, ಪುಟಗಳಿಗೆ ಸಂಖ್ಯೆ ಹಾಕುತ್ತಾ ಪೆನ್ಸಿಲ್ ಹಿಡಿದು ಓದಿ. ಓದುವಾಗ ಯಾವ ನಮೂದಿನ ಬಳಿ ಕೈ ತಾನಾಗಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿ. ಒಂದು ಪುಸ್ತಕಕ್ಕೆ ಐದಾರು ಗುರುತುಗಳಿಗಿಂತ ಹೆಚ್ಚು ಬೇಡ. ಎಲ್ಲವನ್ನೂ ಎತ್ತಿಕೊಂಡರೆ ಹದಿನೈದನೆಯ ಕಿರ್ದಿಯೇ ಆಗುತ್ತದೆ.

ಗುರುತು ಹಾಕಿದ್ದನ್ನು ಎತ್ತಿ ಬರೆಯುವಾಗ ನಕಲು ಮಾಡಬಾರದು. ಹಳೆಯ ನಮೂದನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಈಗ ನೆನಪಿಗೆ ಬರುವ ಹಾಗೆ ಹೊಸದಾಗಿ ಬರೆಯಿರಿ. ಕತೆ ಹುಟ್ಟುವುದು ಈ ಜಾಗದಲ್ಲಿ. ಎರಡು ವರ್ಷದ ಹಿಂದೆ ಬರೆಯದೆ ಬಿಟ್ಟ ಒಂದು ವಿವರ ಈಗ ಬರುತ್ತದೆ, ಅಂದು ಮುಖ್ಯ ಎನಿಸಿದ್ದು ಉದುರಿಹೋಗುತ್ತದೆ. ಉದುರಿದ್ದಕ್ಕೆ ಮರುಗಬೇಡಿ, ಅದು ಹಳೆಯ ಪುಸ್ತಕದಲ್ಲಿ ಭದ್ರವಾಗಿದೆ.

ಖಾತೆಗಳಿಗೆ ಏನೆಂದು ಹೆಸರಿಡುವುದು? ಬಹುತೇಕರು ಎಡವುವುದು ಇಲ್ಲಿ. "ಪ್ರೀತಿ", "ಬಡತನ", "ವೃದ್ಧಾಪ್ಯ" ಎಂಬ ಖಾತೆಗಳನ್ನು ತೆರೆಯುತ್ತಾರೆ. ಅವು ಭಾಷಣದ ಶೀರ್ಷಿಕೆಗಳು, ಅವುಗಳೊಳಗೆ ಏನನ್ನು ಹಾಕಿದರೂ ಸತ್ತುಹೋಗುತ್ತದೆ. ನೀವು ಸಂಘದಲ್ಲಿ "ರೈತರು" ಎಂದು ಒಂದೇ ಖಾತೆ ಇಡುತ್ತೀರಾ? ಒಬ್ಬೊಬ್ಬರ ಹೆಸರಿನಲ್ಲಿ ಇಡುತ್ತೀರಿ. ಹಾಗೆಯೇ ಇಲ್ಲಿಯೂ ಖಾತೆಯ ಹೆಸರಿನಲ್ಲಿ ಒಬ್ಬ ಮನುಷ್ಯನೋ ಒಂದು ವಸ್ತುವೋ ಒಂದು ಕೃತ್ಯವೋ ಇರಬೇಕು. ಅಜ್ಜನ ನಮೂದನ್ನು ನಾನಾದರೆ "ತೀರಿದ ಸಾಲದ ಪತ್ರವನ್ನು ಇಟ್ಟುಕೊಳ್ಳುವವರು" ಎಂಬ ಖಾತೆಗೆ ಹಾಕುತ್ತೇನೆ.

ಅಷ್ಟಕ್ಕೇ ಮುಗಿಯಲಿಲ್ಲ. ಜೋಡಿ ನಮೂದು ಪದ್ಧತಿಯ ಜೀವಾಳ ನಿಮಗೆ ಗೊತ್ತಿದೆ: ಯಾವ ವ್ಯವಹಾರವೂ ಒಂದೇ ಖಾತೆಯಲ್ಲಿ ನಿಲ್ಲುವುದಿಲ್ಲ, ಒಂದು ಕಡೆ ಜಮೆಯಾದದ್ದು ಇನ್ನೊಂದು ಕಡೆ ಖರ್ಚಾಗಿರಲೇಬೇಕು. ಕತೆಗೂ ಇದೇ ನಿಯಮ. ಆ ಅಜ್ಜ ಪತ್ರ ಹಿಂದಕ್ಕೆ ಪಡೆದ. ಅದಕ್ಕಾಗಿ ಯಾರು ಏನು ಕಳೆದುಕೊಂಡಿದ್ದರು? ಸಾಲದ ಕೊನೆಯ ಕಂತಿಗೆ ಯಾವುದನ್ನು ಮಾರಿದರು? ಮನೆಯಲ್ಲಿ ಆ ಸಾಲದ ಸುದ್ದಿ ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ? ಪ್ರತಿ ನಮೂದನ್ನೂ ಎರಡನೆಯ ಖಾತೆಯೊಂದಕ್ಕೆ ಎತ್ತಿ ಬರೆಯಿರಿ. ಈ ನಮೂದಿಗೆ "ರುಮಾಲಿನೊಳಗೆ ಗಂಡಸರು ಏನೇನು ಇಟ್ಟುಕೊಳ್ಳುತ್ತಾರೆ" ಎಂಬ ಖಾತೆ ಹೊಂದಬಹುದು. ಉತ್ತರ ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಿರಿ, ಊಹೆ ಎಂದು ಪಕ್ಕದಲ್ಲಿ ಗುರುತು ಹಾಕಿ. ಊಹೆ ಶುರುವಾದಲ್ಲಿಂದ ನೀವು ಕತೆ ಬರೆಯುತ್ತಿದ್ದೀರಿ.

ಈಗ ಎರಡನೆಯ ನಮೂದು, ಅತ್ತೆಯ ಎಣ್ಣೆ ಡಬ್ಬಿ. ಕಿರ್ದಿಯಲ್ಲಿ ಇದಕ್ಕೂ ಅಜ್ಜನಿಗೂ ಹತ್ತೊಂಬತ್ತು ತಿಂಗಳ ಅಂತರ; ಬಹುಶಃ ಎರಡು ಬೇರೆ ಪುಸ್ತಕಗಳಲ್ಲಿವೆ. ಇವೆರಡನ್ನೂ ಖತಾವಣಿಯ ಒಂದೇ ಪುಟದಲ್ಲಿಟ್ಟು ನೋಡಿ. ಒಬ್ಬನ ಸಾಲ ಮುಗಿದಿದೆ, ಆದರೆ ಪತ್ರವನ್ನು ಬಿಡುತ್ತಿಲ್ಲ. ಇನ್ನೊಬ್ಬರ ಡಬ್ಬಿ ತುಂಬಿದೆ, ಆದರೆ ಕೈ ಅಲುಗಾಡಿಸುವುದನ್ನು ಬಿಡುತ್ತಿಲ್ಲ. ಅಭಾವ ಮುಗಿದ ಮೇಲೂ ಅದರ ಚಟುವಟಿಕೆ ಮುಗಿದಿಲ್ಲ. ಇವರಿಬ್ಬರೂ ಒಂದೇ ಮನೆಯಲ್ಲಿದ್ದರೆ? ರುಮಾಲಿನ ಪತ್ರ ಆ ಹೆಂಗಸಿನ ಕೈಗೆ ಸಿಕ್ಕಿ, ಓದಲು ಬಾರದೆ, ಇನ್ನೂ ಸಾಲ ಉಳಿದಿದೆ ಎಂದುಕೊಂಡರೆ? ಇದು ನನ್ನ ಊಹೆ, ನಿಮ್ಮದು ಬೇರೆ ಆಗಲಿ. ನನಗೆ ಹೇಳಬೇಕಾದದ್ದು ಇಷ್ಟು: ಒಂದು ನಮೂದಿನಲ್ಲಿ ಅಪರೂಪಕ್ಕೆ ಕತೆ ಇರುತ್ತದೆ, ಎರಡು ನಮೂದುಗಳ ನಡುವೆ ಅದು ಸಾಮಾನ್ಯವಾಗಿ ಇರುತ್ತದೆ. ತಾರೀಖಿನ ಕ್ರಮದಲ್ಲಿ ಬರೆದ ಪುಸ್ತಕ ಎಂದೂ ಆ ಎರಡನ್ನು ಮುಖಾಮುಖಿ ಮಾಡುವುದಿಲ್ಲ.

ಇದನ್ನು ನಾನು ಕಲಿತದ್ದು ತಡವಾಗಿ. ನನ್ನ ಒಂದು ಹಳೆಯ ಪುಸ್ತಕದಲ್ಲಿ ಹೀಗೊಂದು ಸಾಲಿತ್ತು: ಚಿಲ್ಲರೆ ಇಲ್ಲ ಎಂದಾಗ ದೋಣಿಯವನು ಆಚೆ ದಡ ಮುಟ್ಟುವವರೆಗೆ ನನ್ನ ಕೊಡೆಯನ್ನು ಒತ್ತೆ ಇಟ್ಟುಕೊಂಡ, ಮಳೆ ಬಂದಾಗ ಅದನ್ನು ಬಿಚ್ಚದೆ ನೆನೆದ. ಸುಮಾರು ಹತ್ತು ವರ್ಷದ ಮೇಲೆ ಬೇರೊಂದು ಊರಿನಲ್ಲಿ ಬರೆದದ್ದು: ಮಗಳ ಮದುವೆಯ ಮಾರನೆಯ ದಿನ ಪಕ್ಕದ ಮನೆಯವರು ಬಾಡಿಗೆ ಕುರ್ಚಿಗಳನ್ನು ಎರಡು ಸಲ ಎಣಿಸಿದರು, ಮೂರನೆಯ ಸಲ ಎಣಿಸುವಾಗ ಅತ್ತರು. ಎರಡನ್ನೂ "ತನ್ನದಲ್ಲದ್ದನ್ನು ಕಾಯುವವರು" ಎಂಬ ಪುಟಕ್ಕೆ ತಂದ ದಿನ ಸಂಜೆಯೇ ಒಂದು ಕತೆಯ ಮೊದಲ ಪುಟ ಬರೆದೆ. ದೋಣಿಯವನನ್ನು ಅಷ್ಟು ವರ್ಷ ಕತ್ತಲೆಯಲ್ಲಿ ಕೂರಿಸಿದ್ದಕ್ಕೆ ಇಂದಿಗೂ ನನಗೆ ಸಂಕಟವಿದೆ. ನಿಮ್ಮ ಅಜ್ಜನಿಗೆ ಹಾಗಾಗಬಾರದು ಎಂದೇ ಇಷ್ಟು ಒತ್ತಾಯದಿಂದ ಬರೆಯುತ್ತಿದ್ದೇನೆ.

ಹದಿನಾಲ್ಕು ಪುಸ್ತಕಗಳಲ್ಲಿ ಬೇಕಾದದ್ದನ್ನು ಹುಡುಕುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೆ ಎರಡೇ ವಾರದಲ್ಲಿ ಕೇಳುತ್ತೀರಿ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1686ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಒಂದು ಉಪಾಯ ಇದೆ. ವಿಷಯದ ಹೆಸರಿನ ಮೊದಲ ಅಕ್ಷರ, ಅದರ ನಂತರ ಬರುವ ಮೊದಲ ಸ್ವರ, ಇವೆರಡನ್ನು ಹಿಡಿದು ನೂರು ಮನೆಗಳ ಸೂಚಿಯನ್ನು ಎದುರುಬದುರು ಎರಡು ಪುಟಗಳಲ್ಲಿ ಮಾಡುವುದು. ವಿಷಯ ಬಂದಾಗ ಆ ಮನೆಯಲ್ಲಿ ಪುಟಸಂಖ್ಯೆ ಬರೆಯುವುದು, ಅಷ್ಟೇ. ರೋಮನ್ ಲಿಪಿಯಲ್ಲಿ ಮೊದಲ ಸ್ವರ ಎಲ್ಲಿದೆ ಎಂದು ಹುಡುಕಬೇಕು. ನಮಗೆ ಆ ಕಷ್ಟವಿಲ್ಲ, ವ್ಯಂಜನ ಮತ್ತು ಸ್ವರ ಕೂಡಿಯೇ ನಮ್ಮ ಅಕ್ಷರವಾಗಿದೆ. ಲಾಕ್ ಹೇಳಿದ್ದು ಕಾಗುಣಿತವನ್ನೇ! ನಾನು ಬಳಸುವುದು 16 ಸಾಲು, 5 ಕಂಬ. ಸಾಲುಗಳು: ಸ್ವರಗಳಿಗೆ ಒಂದು, ಮತ್ತೆ ಕ, ಗ, ಚ, ಜ, ಟ-ಡ, ತ, ದ, ನ, ಪ, ಬ, ಮ, ಯ-ರ-ಲ, ವ, ಶ-ಸ, ಹ. ಮಹಾಪ್ರಾಣಗಳು ತಮ್ಮ ಅಲ್ಪಪ್ರಾಣಗಳ ಜೊತೆಗೇ ಇರಲಿ. ಕಂಬಗಳು: ಅ-ಆ, ಇ-ಈ, ಉ-ಊ, ಎ-ಏ-ಐ, ಒ-ಓ-ಔ. ಒಟ್ಟು 80 ಮನೆ. ರುಮಾಲು ಎಂಬುದು ಯ-ರ-ಲ ಸಾಲಿನ ಉ ಕಂಬಕ್ಕೆ, ಸಾಲ ಎಂಬುದು ಶ-ಸ ಸಾಲಿನ ಅ ಕಂಬಕ್ಕೆ, ಎಣ್ಣೆ ಸ್ವರದ ಸಾಲಿನ ಎ ಕಂಬಕ್ಕೆ. "3/41" ಎಂದರೆ ಮೂರನೆಯ ಪುಸ್ತಕದ 41ನೆಯ ಪುಟ. ಒಂದು ಮನೆಯಲ್ಲಿ ಒಂದೇ ವಿಷಯಕ್ಕೆ ಏಳೆಂಟು ಸಂಖ್ಯೆಗಳು ತುಂಬಿದರೆ ಗಮನವಿಟ್ಟು ನೋಡಿ. ನಿಮಗೇ ತಿಳಿಯದೆ ನೀವು ಅದರ ಬಗ್ಗೆ ಒಂಬತ್ತು ವರ್ಷ ಬರೆಯುತ್ತಿದ್ದೀರಿ ಎಂದರ್ಥ.

ಚಾರ್ಲ್ಸ್ ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ ಒಂದು ನಿಯಮವನ್ನೂ ನಿಮ್ಮ ಕಿರ್ದಿಗೆ ಸೇರಿಸಿಕೊಳ್ಳಿ. ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿಯೋ ಆಲೋಚನೆಯೋ ಎದುರಾದರೆ ಆತ ಅದನ್ನು ತಪ್ಪದೆ, ತಕ್ಷಣ ಬರೆದಿಡುತ್ತಿದ್ದ. ಅನುಕೂಲವಾದವುಗಳಿಗಿಂತ ಅಂಥವು ಬೇಗ ಮರೆತುಹೋಗುತ್ತವೆ ಎಂಬುದು ಆತನ ಅನುಭವ. ಕತೆಗಾರರಿಗೆ ಇದಕ್ಕಿಂತ ದೊಡ್ಡ ನೆರವು ಇಲ್ಲ. ನಿಮಗೆ ಆಗದ ಒಬ್ಬ ಮನುಷ್ಯ ಇರಬಹುದು. ಆತ ಒಂದು ದಿನ ಯಾರೂ ನೋಡದಾಗ ಒಳ್ಳೆಯದೇನನ್ನೋ ಮಾಡಿದ್ದನ್ನು ಕಂಡರೆ ಅಂದೇ ಬರೆಯಿರಿ, ಏಕೆಂದರೆ ಮನಸ್ಸು ಅದನ್ನು ಮರುದಿನಕ್ಕೆ ಉಳಿಸುವುದಿಲ್ಲ. ಆ ಒಂದು ಸಾಲು ಇಲ್ಲದಿದ್ದರೆ ಆತ ನಿಮ್ಮ ಕತೆಯಲ್ಲಿ ಬರೀ ಖಳನಾಗುತ್ತಾನೆ.

ಕತೆಯೊಂದು ಶುರುವಾದ ಮೇಲೆ ಮೂರನೆಯದೊಂದು ಪುಸ್ತಕ ಬೇಕಾಗುತ್ತದೆ; ನಾನು ಅದನ್ನು ವಾದದ ಪುಸ್ತಕ ಎನ್ನುತ್ತೇನೆ. ಅದರಲ್ಲಿ ಕತೆಯನ್ನು ಬರೆಯುವುದಿಲ್ಲ, ಕತೆಯ ಬಗ್ಗೆ ನಮ್ಮೊಡನೆ ನಾವೇ ಜಗಳವಾಡುತ್ತೇವೆ. ದಸ್ತಯೇವ್‌ಸ್ಕಿ "ಅಪರಾಧ ಮತ್ತು ಶಿಕ್ಷೆ"ಯನ್ನು ಮೊದಲು ಕೊಲೆಗಾರನ ತಪ್ಪೊಪ್ಪಿಗೆಯಾಗಿ, "ನಾನು" ಎಂಬ ದನಿಯಲ್ಲಿ ಬರೆಯುತ್ತಿದ್ದ. 1865ರ ನವೆಂಬರಿನಲ್ಲಿ ಬರೆದದ್ದನ್ನು ಸುಟ್ಟು ಮತ್ತೆ ಶುರುಮಾಡಿದ. 1866ರ ಆರಂಭದಿಂದ ಅದು ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದಾಗ ನಿರೂಪಕ ಬೇರೆಯವನಾಗಿದ್ದ, ನಾಯಕನ ಬೆನ್ನು ಬಿಡದ, ಎಲ್ಲ ಬಲ್ಲ ಒಂದು ದನಿ. ಕತೆಯನ್ನು ಯಾರು ಹೇಳಬೇಕು ಎಂಬ ಆ ಚರ್ಚೆಯೆಲ್ಲ ಉಳಿದಿರುವ ಆತನ ನೋಟ್‌ಬುಕ್‌ಗಳಲ್ಲಿದೆ. ಕಾದಂಬರಿಕಾರ ಹೆನ್ರಿ ಜೇಮ್ಸ್‌ನ 1895ರ ಜನವರಿ 12ರ ನಮೂದೂ ನೋಡತಕ್ಕದ್ದು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅರೆಬರೆಯಾಗಿ ಹೇಳಿದ ದೆವ್ವದ ಕತೆಯ ಎಳೆಯೊಂದನ್ನು ಆತ ಬರೆದುಕೊಳ್ಳುತ್ತಾನೆ, ಅದನ್ನು ಹೊರಗಿನಿಂದ ನೋಡುವ ಒಬ್ಬರು ಹೇಳಬೇಕು ಎಂದು ಅಲ್ಲೇ ಸೇರಿಸುತ್ತಾನೆ. 1898ರಲ್ಲಿ ಬಂದ ಆತನ ಹೆಸರಾಂತ ನೀಳ್ಗತೆ "ದ ಟರ್ನ್ ಆಫ್ ದ ಸ್ಕ್ರೂ"ವಿನ ಬೀಜ ಅದು. ನೀವೂ ಪ್ರತಿ ನಮೂದಿನ ಕೊನೆಗೆ ಇದನ್ನು ಯಾರು ಹೇಳಬಲ್ಲರು ಎಂದು ಕೇಳಿ ಒಂದು ಪದದ ಉತ್ತರ ಬರೆಯಿರಿ. ಅಜ್ಜನ ಕತೆಯನ್ನು ಅಜ್ಜ ಹೇಳಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ. ರುಮಾಲನ್ನು ಒಗೆಯುವವರು ಹೇಳಬೇಕು.

ಫೋನಿನಲ್ಲಿ ಬರೆದುಕೊಳ್ಳಬಹುದೇ? ಕಿರ್ದಿಗೆ ಅಡ್ಡಿಯಿಲ್ಲ, ಬಸ್ಸಿನಲ್ಲಿ ನಿಂತಿರುವಾಗ ಬೇರೆ ದಾರಿಯೂ ಇಲ್ಲ. ಆದರೆ ಕೀಲಿಮಣೆ ಸೂಚಿಸುವ ಪದವನ್ನು ಒಪ್ಪಿಕೊಳ್ಳಬೇಡಿ. ಅಜ್ಜ "ರೊಕ್ಕ" ಎಂದಿದ್ದರೆ ಅದು "ಹಣ" ಆಗಬಾರದು. ಖತಾವಣಿಯನ್ನು ಮಾತ್ರ ಕೈಯಲ್ಲೇ ಬರೆಯಿರಿ. ಎತ್ತಿ ಹಾಕುವುದು ಒಂದು ಬೆರಳಿನ ಕೆಲಸವಾದರೆ ಹೊಸದಾಗಿ ನೆನೆಯುವ ಕೆಲಸ ನಡೆಯುವುದೇ ಇಲ್ಲ.

ಸಂಘದ ಸದಸ್ಯರ ಸಾಲದ ವಿವರ ನಿಮ್ಮ ಕೈಗೆ ಬರುವುದು ವೃತ್ತಿಯ ನಂಬಿಕೆಯ ಮೇಲೆ. ಹೆಸರು, ಮೊತ್ತ, ಊರು ಕಿರ್ದಿಯಲ್ಲೂ ಬೇಡ. ನೀವು ಅಜ್ಜ ಎಂದಷ್ಟೇ ಬರೆದಿರುವುದು ಸರಿಯಾಗಿದೆ.

ವರ್ಷಕ್ಕೊಮ್ಮೆ ಶಿಲ್ಕು, ಅಂದರೆ ಉಳಿದದ್ದರ ಲೆಕ್ಕ, ತೆಗೆಯಿರಿ. ರಷ್ಯದ ಕತೆಗಾರ ಚೆಖಾಫ್ ತನ್ನ ನೋಟ್‌ಬುಕ್‌ಗಳಲ್ಲಿ ಕತೆಗೆ ಬಳಸಿದ ನಮೂದುಗಳನ್ನು ಹೊಡೆದುಹಾಕುತ್ತಿದ್ದ, ಕೊನೆಯ ವರ್ಷಗಳಲ್ಲಿ ಬಳಸದೆ ಉಳಿದವನ್ನು ಹೊಸ ಪುಸ್ತಕವೊಂದಕ್ಕೆ ಎತ್ತಿ ಬರೆದುಕೊಂಡ. ಹಳೆಯ ವರ್ಷದ ಆಖೈರು ಶಿಲ್ಕನ್ನು ಹೊಸ ವರ್ಷದ ಆರಂಭಿಕ ಶಿಲ್ಕಾಗಿ ತರುವುದು ಎಂದರೆ ಇದೇ. ಬಳಸಿದ್ದರ ಮೇಲೆ ನೀವೂ ಗೆರೆ ಎಳೆಯಿರಿ, ಆದರೆ ಓದಲು ಬರುವಂತಿರಲಿ. ಹದಿನೈದನೆಯ ಪುಸ್ತಕ ಕೊಳ್ಳುವ ದಿನ ಅದರ ಮೊದಲ ಹತ್ತು ಪುಟಗಳಲ್ಲಿ ಹಿಂದಿನ ಹದಿನಾಲ್ಕರ ಬಾಕಿ ಇರಬೇಕು.

ಇನ್ನು ಮೂರನೆಯ ನಮೂದು. "ಇಂದು ಮನಸ್ಸು ಭಾರ" ಎಂಬುದನ್ನು ಯಾವ ಖಾತೆಗೂ ಎತ್ತಲು ಬರುವುದಿಲ್ಲ. ಅದರಲ್ಲಿ ಮನುಷ್ಯರಿಲ್ಲ, ವಸ್ತುವಿಲ್ಲ. ಕಿರ್ದಿಯಲ್ಲಿ ವಿವರವಿಲ್ಲದೆ ಬರೀ "ಖರ್ಚು" ಎಂದು ಬರೆದ ಹಾಗಿದೆ. ಹರಿದು ಹಾಕಬೇಡಿ. ಅದರ ತಾರೀಖನ್ನು ನೋಡಿ, ಮಾರ್ಚ್ 31. ವರ್ಷದ ಲೆಕ್ಕ ಮುಗಿಸುವ ದಿನ, ಸಾಲ ಕಟ್ಟುವವರ ಸಾಲು ಬಾಗಿಲಾಚೆಗೂ ಇದ್ದಿರಬೇಕು. ಅಂದು ನೀವು ಎಷ್ಟು ಹೊತ್ತಿಗೆ ಮನೆಗೆ ಹೊರಟಿರಿ? ಯಾರು ಹಣ ಹೊಂದಿಸಲಾಗದೆ ಬರಿಗೈಯಲ್ಲಿ ಬಂದು ನಿಂತಿದ್ದರು? ನೀವು ಅವರಿಗೆ ಏನು ಹೇಳಿದಿರಿ? ಎದುರಿನ ಎಡಪುಟ ಖಾಲಿ ಇದ್ದರೆ ಅಲ್ಲಿ ಇಂದಿನ ತಾರೀಖು ಹಾಕಿ ಅದನ್ನು ಬರೆಯಿರಿ. ಮುಂದಿನ ಪತ್ರದಲ್ಲಿ ನನಗೆ ಆ ಪುಟವನ್ನು ಕಳುಹಿಸಿ.